ಮಾಳಿಗೆಯ ಮೇಲಿನ ಮಣ್ಣು

ನನ್ನ ಕೆಲಸ ಏನೆಂದು ನಮ್ಮ ಬಳಗದವರಿಗೆ ಇವತ್ತಿಗೂ ಸರಿಯಾಗಿ ಗೊತ್ತಿಲ್ಲ. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ನನ್ನ ತಂಗಿ, ಅಕ್ಕ ಮಣ್ಣು ತೊಳೆಯುವ ಆಫೀಸಿನಲ್ಲಿದ್ದಾಳೆ ಎಂದು ಹೇಳಿ ನಗುತ್ತಾಳೆ. ಅವಳು ಹೇಳುವುದು ಪೂರ್ತಿ ತಪ್ಪೂ ಅಲ್ಲ. ಯಾರೋ ಕೆಡಿಸಿ ಬಿಟ್ಟುಹೋದ ನೆಲವನ್ನು ಪರೀಕ್ಷೆ ಮಾಡುವುದು, ವಿಷ ಎಷ್ಟು ಆಳಕ್ಕೆ ಇಳಿದಿದೆ ಎಂದು ನೋಡುವುದು, ಆ ಮಣ್ಣನ್ನು ತೆಗೆಸಿ ದೂರದ ಸುರಕ್ಷಿತ ಹೊಂಡಕ್ಕೆ ಕಳಿಸುವುದು, ಇವಕ್ಕೆ ಸರಕಾರ ನನಗೆ ಸಂಬಳ ಕೊಡುತ್ತದೆ. ಇಲಾಖೆಯ ಕಾಗದದಲ್ಲಿ ನಾನು ವಿಜ್ಞಾನಿ. ಓಣಿಗಳಲ್ಲಿ ಮಣ್ಣಿನ ಮೇಡಂ.

ಗದಗಿನ ಆಫೀಸಿನಿಂದ ಹೊರಟರೆ ನನ್ನ ಜೀಪು ಒಂದು ದಿನ ಲಕ್ಷ್ಮೇಶ್ವರದ ಹೊರಗೆ ಹಳೆ ಬ್ಯಾಟರಿ ಕರಗಿಸುತ್ತಿದ್ದ ಶೆಡ್ಡಿನ ಜಾಗಕ್ಕೆ ಹೋಗುತ್ತದೆ, ಇನ್ನೊಂದು ದಿನ ಮುಂಡರಗಿ ಕಡೆ ಯಾರೋ ಕೀಟನಾಶಕದ ಡಬ್ಬಿಗಳನ್ನು ಹೂತಿಟ್ಟ ಗುಂಡಿಗೆ. ಎಲ್ಲ ಕಡೆ ಸ್ವಾಗತ ಒಂದೇ. ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಜೀಪಿನ ಮೇಲಿನ ಬರಹ ನೋಡುತ್ತಾರೆ, ಆಮೇಲೆ ಈ ಜಾಗ ಸರಕಾರ ತೆಗೆದುಕೊಳ್ಳುತ್ತದೆಯೇ ಎಂದು ಕೇಳುತ್ತಾರೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಎಷ್ಟೋ ಸಲ ರೇಗಿದ್ದೇನೆ. ಜನರಿಗೆ ತಿಳಿವಳಿಕೆ ಇಲ್ಲ ಎಂದು ಆಫೀಸಿಗೆ ಬಂದು ಗೊಣಗಿದ್ದೇನೆ. ಆ ಮಾತನ್ನು ಈಗ ಆಡುವುದಿಲ್ಲ. ಯಾಕೆ ಎಂದು ಹೇಳುವುದಕ್ಕೇ ಇದನ್ನು ಬರೆಯಲು ಕೂತಿದ್ದೇನೆ.

ಬೆಟಗೇರಿಯಲ್ಲಿ ಒಂದು ಹಳೆಯ ಬಣ್ಣದ ಮನೆ ಇತ್ತು. ನೇಕಾರರ ನೂಲಿಗೆ ಬಣ್ಣ ಹಾಕುವ ಜಾಗ. ನಡೆಸುತ್ತಿದ್ದವರು ತೀರಿಕೊಂಡು, ಮಕ್ಕಳು ಬೀಗ ಹಾಕಿ ಎಲ್ಲೆಲ್ಲೋ ಹೋಗಿ, ಹಿಂದಿನ ಬಯಲು ಹಾಗೇ ಬಿದ್ದಿತ್ತು. ಅಲ್ಲಿ ಹುಲ್ಲು ಕೂಡ ಹುಟ್ಟುತ್ತಿರಲಿಲ್ಲ. ಪಕ್ಕದ ಬೋರಿನ ನೀರು ಹಳದಿ ಬರುತ್ತದೆ ಎಂದು ಯಾರೋ ಅರ್ಜಿ ಕೊಟ್ಟರು. ಅರ್ಜಿ ನನ್ನ ಟೇಬಲ್ಲಿಗೆ ಬಂತು. ಹುಟ್ಟಿ ಬೆಳೆದದ್ದು ಅಲ್ಲಿಂದ ಮೂರು ಓಣಿ ಆಚೆ, ಹಾಗಾಗಿ ನನ್ನನ್ನೇ ಕಳಿಸಿ ಎಂದು ನಾನೇ ಸಾಹೇಬರನ್ನು ಕೇಳಿಕೊಂಡೆ.

ಇನ್ನೊಂದು ಕಾರಣವೂ ಇತ್ತು. ನನ್ನ ಅಪ್ಪ ಬಣ್ಣ ಹಾಕುವವನು. ಇದೇ ಬಣ್ಣದ ಮನೆಯಲ್ಲಿ ಅಲ್ಲ, ಇಂಥದೇ ಇನ್ನೊಂದರಲ್ಲಿ. ಬಣ್ಣ ಗಟ್ಟಿ ನಿಲ್ಲಲಿ ಎಂದು ಕುದಿಯುವ ನೀರಿಗೆ ಕಿತ್ತಳೆ ಬಣ್ಣದ ಹರಳು ಹಾಕುತ್ತಿದ್ದರು. ನಾವು ಮಕ್ಕಳು ಅದನ್ನು ಕಲ್ಲುಸಕ್ಕರೆಯ ಹಾಗಿದೆ ಎಂದು ನೋಡುತ್ತಿದ್ದೆವು. ಅಪ್ಪನ ಬೆರಳುಗಳ ಗೆಣ್ಣಿನ ಹತ್ತಿರ ಜೋಳದ ಕಾಳಿನಷ್ಟು ದುಂಡನೆಯ ಕುಳಿಗಳಿದ್ದವು. ಮೈ ಉಷ್ಣ ಎಂದು ಅವ್ವ ರಾತ್ರಿ ಊಟವಾದ ಮೇಲೆ ಅವಕ್ಕೆ ತುಪ್ಪ ಹಚ್ಚುತ್ತಿದ್ದಳು. ಕಾಲೇಜಿನಲ್ಲಿ ಆ ಹರಳಿನಲ್ಲಿರುವ ಕ್ರೋಮಿಯಂ ಬಗ್ಗೆ ಓದುವಾಗ ಪುಸ್ತಕದಲ್ಲಿ ಅಂಥದೇ ಕುಳಿಗಳಿದ್ದ ಒಂದು ಕೈಯ ಚಿತ್ರ ಇತ್ತು. ಅದು ನನ್ನ ಅಪ್ಪನ ಕೈ. ಆ ಹೊತ್ತಿಗೆ ಅಪ್ಪ ಇರಲಿಲ್ಲ, ಇದು ಉಷ್ಣ ಅಲ್ಲ ಎಂದು ಹೇಳಲು.

ಬಣ್ಣದ ಮನೆಯ ಬಯಲಿಗೆ ಎದುರಾಗಿ ಒಂದು ಮಾಳಿಗೆ ಮನೆ. ಸಿಮೆಂಟಿನ ಮಾಳಿಗೆ ಅಲ್ಲ, ನಮ್ಮ ಕಡೆಯ ಹಳೆಯ ಮಣ್ಣಿನ ಮಾಳಿಗೆ: ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಅದರ ಮೇಲೆ ಒಂದು ಗೇಣು ಮಣ್ಣು. ಆ ಓಣಿಯಲ್ಲಿ ಉಳಿದದ್ದು ಅದೊಂದೇ. ಉಳಿದವರೆಲ್ಲ ಸ್ಲ್ಯಾಬೋ ತಗಡೋ ಹಾಕಿಸಿಕೊಂಡಿದ್ದರು. ಅದರಲ್ಲಿ ಇದ್ದವಳು ಒಬ್ಬ ನೇಕಾರಗಿತ್ತಿ, ಗಂಡ ಸತ್ತವಳು, ಅರವತ್ತು ದಾಟಿದವಳು. ಒಂದೇ ಕೋಣೆ, ಕೋಣೆಯ ಅರ್ಧ ಕುಣಿ ಮಗ್ಗ. ಕಾಲು ಇಳಿಬಿಟ್ಟು ಕೂರುವ ಆ ಕುಣಿಯಲ್ಲಿ ಅವಳು ಹದಿನಾಲ್ಕನೆಯ ವಯಸ್ಸಿನಿಂದ ಕೂತಿದ್ದಳಂತೆ. ಅಪ್ಪನನ್ನು ಬಲ್ಲವಳು. ಅವನು ಬಣ್ಣ ಹಾಕಿದ ಕೆಂಪು ನೂಲು ಎಷ್ಟು ಒಗೆದರೂ ಬಿಡುತ್ತಿರಲಿಲ್ಲ ಎಂದು ಮೊದಲ ದಿನವೇ ಹೇಳಿದಳು. ನಾನು ಅವಳನ್ನು ದೊಡ್ಡವ್ವ ಎಂದೆ. ಅವಳು ನನ್ನನ್ನು ತಂಗಿ ಎಂದಳು, ಏಕವಚನದಲ್ಲೇ. ಎಲ್ಲರ ಬಾಯಲ್ಲೂ ಮೇಡಂ ಆಗಿಹೋದವಳಿಗೆ ಅದು ಎಷ್ಟು ಹಿತವಾಗಿತ್ತೆಂದರೆ, ಮಣ್ಣಿನ ಮಾದರಿ ತೆಗೆಯುವ ನೆಪದಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಅವಳ ಕಟ್ಟೆಯ ಮೇಲೆ ಕೂತೆ.

"ಬಿಸಲಾಗ ಎಷ್ಟೊತ್ತು ನಿಂದರತಿ, ಬಾ ಕುಂಡ್ರು" ಎಂದು ಬೆಲ್ಲದ ತುಣುಕು ಮತ್ತು ತಂಬಿಗೆ ನೀರು ತಂದಿಟ್ಟಳು. ಓಣಿಯ ಮೂರು ನಾಲ್ಕು ಹೆಂಗಸರು ಸೇರಿದರು. ನಾನು ಎಂಥ ಕೆಲಸ ಮಾಡುತ್ತೇನೆ, ಆ ಚೀಲಗಳಲ್ಲಿ ಮಣ್ಣು ಯಾಕೆ ತುಂಬುತ್ತೇನೆ ಎಂದು ಕೇಳಿದರು. ನಾನು ವಿವರಿಸಿದೆ, ಅವರಿಗೆ ಆಕಳಿಕೆ ಬಂತು. ಆಗ ದೊಡ್ಡವ್ವ ಎದುರಿನ ಬಯಲಿನ ಗೇಟಿನ ಹತ್ತಿರದ ಬೂದುಬಣ್ಣದ ಮಣ್ಣು ತೋರಿಸಿ, ನೋಡಿದರೆ ಸವಳು ಇದ್ದ ಹಾಗೆ ಕಾಣುತ್ತದೆ, ಹೌದೋ ಅಲ್ಲವೋ ಎಂದು ಕೇಳಿದಳು.

ಸವಳು ಮಣ್ಣು ಅಂದರೆ ಉಪ್ಪಿನಂಶ ಇರುವ ಜಿಗುಟು ಮಣ್ಣು. ಬೆಳೆಗೆ ಅದು ಮುಳುವು, ಮಾಳಿಗೆಗೆ ಅದೇ ಬೇಕು. ಅದನ್ನು ಹಾಸಿ, ನೀರು ಚಿಮುಕಿಸಿ, ಬಡಿದರೆ ಮಳೆಯ ಹನಿ ಒಳಗೆ ಇಳಿಯುವುದಿಲ್ಲ. ನಾನು ಹುಡುಗಿಯಾಗಿದ್ದಾಗ ಬೇಸಿಗೆ ಮುಗಿಯುವ ಮೊದಲು ಸವಳು ಹುಡುಕುವುದೇ ಮನೆ ಮನೆಯ ಕೆಲಸ. ಒಳ್ಳೆಯ ಸವಳು ಹೌದೋ ಅಲ್ಲವೋ ಎಂದು ನಮ್ಮ ಅಜ್ಜಿ ಒಂದು ರೀತಿಯಲ್ಲಿ ನೋಡುತ್ತಿದ್ದಳು. ಹಿಡಿ ಮಣ್ಣು ಕಲಸಿ ಪುಟ್ಟ ಬಟ್ಟಲು ಮಾಡುವುದು, ಅದರಲ್ಲಿ ನೀರು ಹಾಕಿ ಕಟ್ಟೆಯ ಮೇಲಿಡುವುದು. ಬೇರೆ ಕೆಲಸ ಮುಗಿಸಿ ಬಂದಾಗಲೂ ನೀರು ನಿಂತಿದ್ದರೆ ಆ ಮಣ್ಣು ಮಾಳಿಗೆಗೆ ಏರಬಹುದು.

ಆ ದಿನ ನನ್ನ ತಲೆಯಲ್ಲಿ ಏನಿತ್ತು ಎಂದು ಎಷ್ಟು ಸಲ ಕೇಳಿಕೊಂಡಿದ್ದೇನೋ. ಪ್ರಯೋಗಾಲಯದ ಫಲಿತಾಂಶ ಬಂದಿರಲಿಲ್ಲ, ಅದು ನಿಜ. ಗೇಟಿನ ಹತ್ತಿರದ ಮಣ್ಣು ಚೆನ್ನಾಗೇ ಇರಬೇಕು, ಕೆಟ್ಟದ್ದೆಲ್ಲ ಹಿಂದೆ ಎಂದುಕೊಂಡಿದ್ದೆ, ಅದೂ ನಿಜ. ಆದರೆ ಅಸಲು ಮಾತು ಬೇರೆ. ನಾನೂ ಈ ಕಡೆಯವಳೇ, ಓದಿ ದೊಡ್ಡವಳಾದರೂ ಏನೂ ಮರೆತಿಲ್ಲ ಎಂದು ತೋರಿಸಿಕೊಳ್ಳುವ ಹುಮ್ಮಸ್ಸು ಬಂದಿತ್ತು. ಕೈಗವಸು ಬಿಚ್ಚಿಟ್ಟೆ. ಗೇಟಿನ ಬುಡದ ಮಣ್ಣು ಹಿಡಿಯಲ್ಲಿ ತಂದೆ. ತಂಬಿಗೆಯ ನೀರಿನಲ್ಲಿ ಕಲಸಿ, ಅಜ್ಜಿ ಮಾಡಿದಂತೆಯೇ ಬಟ್ಟಲು ಮಾಡಿ, ನೀರು ತುಂಬಿ ಕಟ್ಟೆಯ ಮೇಲಿಟ್ಟೆ. ಚಹಾ ಬಂತು, ಕುಡಿದೆವು, ಹೆಂಗಸರ ಸೊಸೆಯರ ಕಥೆಗಳೆಲ್ಲ ಮುಗಿದವು. ಬಟ್ಟಲಿನಲ್ಲಿ ನೀರು ನಿಂತಲ್ಲೇ ನಿಂತಿತ್ತು.

"ಖರೇನ ಸವಳು, ದೊಡ್ಡವ್ವ. ಇದನ್ನ ಮಾಳಗಿಗೆ ಹಾಕಿದ್ರ ಒಂದ ಹನಿ ಸೋರಂಗಿಲ್ಲ ನೋಡು" ಎಂದೆ.

ಹೆಂಗಸರು ಮೆಚ್ಚಿ ನಕ್ಕರು. ಇಷ್ಟೆಲ್ಲ ಓದಿದವಳಿಗೆ ಇದೂ ಗೊತ್ತಲ್ಲ ಎಂದರು. ಅವತ್ತು ಆಫೀಸಿಗೆ ಮರಳುವಾಗ ನಾನು ಬಹಳ ಖುಷಿಯಲ್ಲಿದ್ದೆ. ಈ ಮಾತನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತದೆ.

ಎರಡು ವಾರಕ್ಕೆ ಫಲಿತಾಂಶ ಬಂತು. ಬಯಲಿನ ಮಣ್ಣಿನಲ್ಲಿ ಕ್ರೋಮಿಯಂ ಇತ್ತು, ಅದರ ಕೆಟ್ಟ ರೂಪದಲ್ಲಿ, ನೀರಿನಲ್ಲಿ ಸಲೀಸಾಗಿ ಕರಗುವ ರೂಪದಲ್ಲಿ. ಎಲ್ಲಕ್ಕಿಂತ ಹೆಚ್ಚು ಇದ್ದದ್ದು ಗೇಟಿನ ಹತ್ತಿರ. ಬಣ್ಣದ ಹಂಡೆಗಳನ್ನು ಅಲ್ಲೇ ಬೋರಲು ಹಾಕುತ್ತಿದ್ದರು ಎಂದು ಆಮೇಲೆ ತಿಳಿಯಿತು. ಆ ಮಣ್ಣು ಹುಟ್ಟಿನಿಂದ ಸವಳಾಗಿರಲಿಲ್ಲ. ಬಣ್ಣದ ಜೊತೆ ಹಾಕುವ ಕಾಸ್ಟಿಕ್ ಸೋಡಾ ವರ್ಷಗಟ್ಟಲೆ ಕುಡಿದು ಸವಳಾಗಿತ್ತು. ಬಟ್ಟಲಿನ ನೀರು ಇಂಗದೆ ನಿಂತದ್ದು ಆ ವಿಷದ ದೆಸೆಯಿಂದಲೇ. ಇದನ್ನು ಓದಿದಾಗ ಕಟ್ಟೆಯ ಮೇಲಿನ ಮಾತು ನನಗೆ ನೆನಪಾಗಲಿಲ್ಲವೇ? ಆಯಿತು. ಹೇಗೂ ಆ ಮಣ್ಣನ್ನೆಲ್ಲ ತೆಗೆಸುತ್ತೇವಲ್ಲ ಎಂದು ಸುಮ್ಮನಾದೆ. ಮರುದಿನವೇ ಹೋಗಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೋಗಲಿಲ್ಲ. ಹೋದರೆ, ಅವತ್ತು ನಾನು ಹೇಳಿದ್ದು ತಪ್ಪು ಎಂದು ಅದೇ ಹೆಂಗಸರ ಮುಂದೆ ಹೇಳಬೇಕಾಗುತ್ತಿತ್ತು.

ಬೇಸಿಗೆಯಲ್ಲಿ ಮಣ್ಣು ಅಗೆಸಿದೆವು. ಬಯಲಿನ ಒಂದು ಮಗ್ಗುಲಿಗೆ ದಪ್ಪ ಪ್ಲಾಸ್ಟಿಕ್ ಹಾಸಿ ಗುಡ್ಡೆ ಹಾಕಿಸಿ, ಮೇಲೆ ತಾಡಪತ್ರಿ ಹೊದಿಸಿದೆವು. ಒಂದು ಬೋರ್ಡು ನೆಟ್ಟೆವು. ಅದರ ಒಕ್ಕಣೆ ನನ್ನದೇ: ಅಪಾಯಕಾರಿ ತ್ಯಾಜ್ಯ, ಭಾರಲೋಹಯುಕ್ತ, ಅನಧಿಕೃತ ಪ್ರವೇಶ ನಿಷೇಧಿಸಲಾಗಿದೆ. ಎಷ್ಟು ಚಂದ ಬರೆದಿದ್ದೆನೆಂದರೆ ಓದಿದವರಿಗೆ ಅರ್ಥವಾಗದಂತೆ ಬರೆದಿದ್ದೆ. ಇಂಥ ಮಣ್ಣು ಸಾಗಿಸುವ ಲಾರಿಗೆ ಬೇರೆಯೇ ಪರವಾನಗಿ ಬೇಕು. ಅದು ಇವತ್ತು ಬರುತ್ತದೆ, ನಾಳೆ ಬರುತ್ತದೆ ಎಂದು ವಾರಗಳು ಕಳೆದವು. ಅಷ್ಟರಲ್ಲಿ ನನ್ನನ್ನು ಮುಂಡರಗಿಯ ಗುಂಡಿಯ ಕೆಲಸಕ್ಕೆ ಹಾಕಿದರು. ಬೆಟಗೇರಿಗೆ ಆಗೊಮ್ಮೆ ಈಗೊಮ್ಮೆ ಬಂದು, ಜೀಪಿನಿಂದ ಇಳಿಯದೆ, ಗುಡ್ಡೆ ಇದೆ ಎಂದು ನೋಡಿಕೊಂಡು ಹೋಗುತ್ತಿದ್ದೆ. ಒಂದು ಸಲ ಅದರ ಒಂದು ಮೂಲೆ ಕುಸಿದಂತೆ ಕಂಡಿತು. ಒಣಗಿ ಜಗ್ಗಿರಬೇಕು ಎಂದು ಡೈರಿಯಲ್ಲಿ ಬರೆದುಕೊಂಡೆ.

ಮೊದಲ ದೊಡ್ಡ ಮಳೆ ಬಂದ ಎರಡನೆಯ ದಿನ ಲಾರಿ ಬರುವ ಸುದ್ದಿ ಬಂತು. ತಾಡಪತ್ರಿ ಬಿಚ್ಚಿಸಲು ಹೋದೆ. ಬಿಚ್ಚಿದಾಗ ನೋಡಿದರೆ ಮೂಲೆ ಕುಸಿದಿರಲಿಲ್ಲ. ಸಲಿಕೆಯಿಂದ ಒಪ್ಪವಾಗಿ ಕಡಿದು ತೆಗೆದಿದ್ದರು. ತೆಗೆದ ಮೇಲೆ ಪತ್ರಿಯನ್ನು ಮೊದಲಿದ್ದಂತೆ ಹೊದಿಸಿ ಕಲ್ಲು ಇಟ್ಟಿದ್ದರು. ಎಷ್ಟು ಹೋಗಿದೆ ಎಂದು ಕಣ್ಣಳತೆ ಮಾಡುತ್ತ ನಿಂತವಳು ತಲೆ ಎತ್ತಿದೆ. ಎದುರಿನ ಮಾಳಿಗೆ ಹೊಸದಾಗಿತ್ತು. ಬೂದುಬಣ್ಣ, ನುಣ್ಣಗೆ, ಅಂಚು ತಿದ್ದಿ ಬಡಿದ ಮಾಳಿಗೆ. ನೀರು ಬೀಳುವ ತಗಡಿನ ದೋಣಿಯ ಕೆಳಗೆ ಒಂದು ಹಿತ್ತಾಳೆಯ ಕೊಡ, ಎರಡು ಬಕೆಟ್ಟು.

ನನ್ನ ಕಾಲುಗಳು ಹೇಗೆ ಓಣಿ ದಾಟಿದವೋ ಗೊತ್ತಿಲ್ಲ. ದೊಡ್ಡವ್ವ ಮಗ್ಗದಲ್ಲಿದ್ದಳು. ಗೋಡೆಗೆ ಒರಗಿ ಅವಳ ಮಗಳು ಕೂತಿದ್ದಳು, ಶಿರಹಟ್ಟಿಗೆ ಕೊಟ್ಟ ಮಗಳು, ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದವಳು. ಏಳು ತುಂಬಿ ಎಂಟರಲ್ಲಿ ಬಿದ್ದಿತ್ತು. ಒಲೆಯ ಮೇಲೆ ಬೇಳೆ ಬೇಯುತ್ತಿತ್ತು. ಬೆಟಗೇರಿಯವರಿಗೆ ಇದನ್ನು ಹೇಳಬೇಕಿಲ್ಲ, ಬೇರೆಯವರಿಗೆ ಹೇಳಬೇಕು: ನಮ್ಮಲ್ಲಿ ನಳದ ನೀರು ಅದರ ಮನಸ್ಸಿಗೆ ಬಂದಾಗ ಬರುತ್ತದೆ, ಬೋರಿನ ನೀರಿನಲ್ಲಿ ತೊಗರಿಬೇಳೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಅದಕ್ಕೇ ಮಾಳಿಗೆಯ ಮಳೆನೀರನ್ನು ಕೊಡದಲ್ಲಿ ಹಿಡಿದು, ತಿಳಿಯಾಗಲು ಬಿಟ್ಟು, ಬೇಳೆಗೆ ಎಂದು ಎತ್ತಿಡುತ್ತಾರೆ. ಬಸುರಿ ಮಗಳಿಗೆ ಮೆತ್ತಗಿನ ಬೇಳೆ ಸಾರು ಮಾಡಲು ದೊಡ್ಡವ್ವ ಅದನ್ನೇ ಇಟ್ಟಿದ್ದಳು. ಹೊರಗೆ ಹೋಗಿ ಕೊಡದೊಳಗೆ ಬಗ್ಗಿ ನೋಡಿದೆ. ನೀರು ತಿಳಿಯಾಗಿತ್ತು, ಆದರೆ ಬಣ್ಣ ಬಂದಂತೆ ಕಂಡಿತು. ತಳದ ಹಿತ್ತಾಳೆಯ ಹೊಳಪೋ ಏನೋ ಎಂದು ಒಂದು ಬಿಳಿ ಲೋಟದಲ್ಲಿ ಎತ್ತಿ ನೋಡಿದೆ. ತಿಳಿ ಹಳದಿ.

ಒಲೆ ಆರಿಸಿದೆ. ಬೇಳೆಯ ಪಾತ್ರೆಯನ್ನು ನಾನೇ ಹೊರಗೆ ತಂದಿಟ್ಟೆ. ಎಷ್ಟು ದಿನದಿಂದ ಈ ನೀರು ಬಳಸುತ್ತಿದ್ದೀರಿ ಎಂದು ಕೇಳಿದೆ. ನಿನ್ನೆ ಎಂದಳು ದೊಡ್ಡವ್ವ, ನಿನ್ನೆ ಸಾರು ಮಾಡಿದ್ದು, ಇವತ್ತು ಬೆಳಿಗ್ಗೆ ಮಗಳ ತಲೆಗೆ ನೀರು ಹಾಕಿದ್ದು. ಆ ಮಣ್ಣಿನಲ್ಲಿ ವಿಷ ಇದೆ ಎಂದೆ. ಅವಳು ತನ್ನ ಅಂಗೈ ನೋಡಿಕೊಂಡಳು. ಮಣ್ಣು ಕಲಸಿ ಬಡಿದ ಅಂಗೈ, ಬೆರಳ ಸಂದಿಗೆ ತುರಿಕೆ ಎದ್ದು ಕೆಂಪಾಗಿತ್ತು. ಸುಣ್ಣ ತಾಗಿದೆ ಎಂದುಕೊಂಡಿದ್ದಳಂತೆ. ಆಮೇಲೆ ಬಾಗಿಲಾಚೆ ಕಟ್ಟೆಯ ಕಡೆ ಒಮ್ಮೆ ನೋಡಿದಳು, ನಾನು ಬಟ್ಟಲು ಇಟ್ಟಿದ್ದ ಜಾಗದ ಕಡೆ. ಮರೆತಿದ್ದಾಳೋ ನೆನಪಿದೆಯೋ ತಿಳಿಯದೆ ನಾನು ಆ ನೋಟದಲ್ಲೇ ಸಿಕ್ಕಿಬಿದ್ದೆ.

ಮಗಳನ್ನು ಅದೇ ಜೀಪಿನಲ್ಲಿ ಗದಗಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎರಡು ದಿನದ ನೀರು ತಾನೇ, ಈಗಲೇ ಏನೂ ಹೇಳಲು ಬರುವುದಿಲ್ಲ ಎಂದರು ಡಾಕ್ಟರು. ಆ ಮಾತು ನನಗೆ ಚೆನ್ನಾಗಿ ಗೊತ್ತು. ನಾನೂ ಜನರಿಗೆ ಅದನ್ನೇ ಹೇಳುತ್ತ ಬಂದಿದ್ದೇನೆ.

ಮೂರನೆಯ ದಿನ ಸಾಹೇಬರು ಬಂದರು. ಕೆಟ್ಟವರಲ್ಲ, ನಿವೃತ್ತಿಗೆ ಹತ್ತಿರವಾದವರು, ತಮ್ಮ ಕಾಲದಲ್ಲಿ ಒಂದು ಕಪ್ಪು ಚುಕ್ಕೆ ಬೇಡ ಎನ್ನುವವರು. ಸರಕಾರಿ ಸುಪರ್ದಿಯಲ್ಲಿದ್ದ ಅಪಾಯಕಾರಿ ವಸ್ತು ಮಾಯವಾಗಿತ್ತು, ವರದಿ ಬರೆಯಲೇಬೇಕು. ದಾರಿಯಲ್ಲಿ ಅವರು ನನಗೆ ವಿಷಯ ಬಿಡಿಸಿ ಹೇಳಿದರು. ಮಣ್ಣು ಒಯ್ಯಬಹುದು ಎಂದು ನಮ್ಮವರು ಯಾರಾದರೂ ಹೇಳಿದ್ದರೆ ತಪ್ಪು ಇಲಾಖೆಯದು. ಆಗ ಈ ಮಾಳಿಗೆ ತೆಗೆಸಿ ಹೊಸ ಮಾಳಿಗೆ ಹಾಕಿಸಿಕೊಡುವುದು ಇಲಾಖೆಯ ಹೊಣೆ, ಹೇಳಿದವರ ಮೇಲೆ ವಿಚಾರಣೆ. ಅವರಾಗಿಯೇ ಒಯ್ದಿದ್ದರೆ ಮಣ್ಣನ್ನು ವಾಪಸು ತರುವುದಷ್ಟೇ ನಮ್ಮ ಕೆಲಸ. ಪೊಲೀಸು ಗಿಲೀಸು ಬೇಡ, ಬಡವರು ಎಂದರು.

ಅಂದರೆ ಮಾಳಿಗೆ ನನ್ನ ಬಾಯಲ್ಲಿತ್ತು. ಮಳೆಗಾಲದ ಬಾಗಿಲಲ್ಲಿ ಒಬ್ಬ ಹೆಂಗಸಿನ ತಲೆಯ ಮೇಲೆ ಸೂರು ಉಳಿಯುತ್ತದೋ ಇಲ್ಲವೋ, ಅವಳ ಮಗ್ಗದ ಕುಣಿ ಒಣಗಿರುತ್ತದೋ ಇಲ್ಲವೋ ಎನ್ನುವುದು ನಾನು ಒಂದು ಮಾತು ಆಡುವುದರ ಮೇಲೆ ನಿಂತಿತ್ತು.

ಅದೇ ಕಟ್ಟೆಯ ಮೇಲೆ ಸಾಹೇಬರಿಗೆ ಕುರ್ಚಿ ಹಾಕಿದರು. ನಾನು ಪಕ್ಕದಲ್ಲಿ ಪ್ಯಾಡು ಹಿಡಿದು ನಿಂತೆ, ಹೇಳಿಕೆ ಬರೆದುಕೊಳ್ಳಲು. ದೊಡ್ಡವ್ವ ಹೊಸ್ತಿಲಲ್ಲಿ ಕೂತಳು. ಅವತ್ತು ಚಹಾ ಕುಡಿದ ಓಣಿಯ ಹೆಂಗಸರಲ್ಲಿ ಒಬ್ಬಳೂ ಹೊರಗೆ ಬರಲಿಲ್ಲ. ಸರಕಾರದ ಜೀಪು ಎರಡು ನಿಂತರೆ ನಮ್ಮ ಓಣಿಗಳಲ್ಲಿ ಬಾಗಿಲುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಸಾಹೇಬರು ಮೆತ್ತಗೆ ಕೇಳಿದರು, ಮಣ್ಣು ಒಯ್ದದ್ದು ಯಾವಾಗ, ಯಾರು ಹೊತ್ತರು, ಬೋರ್ಡು ನೋಡಲಿಲ್ಲವೇ. ಅವಳು ಒಂದೊಂದಕ್ಕೂ ಉತ್ತರ ಕೊಟ್ಟಳು. ತಾನೇ ಬುಟ್ಟಿಯಲ್ಲಿ ಹೊತ್ತದ್ದು, ಹಗಲು ಹೊತ್ತಿನಲ್ಲೇ, ಕದ್ದಲ್ಲ. ಬೋರ್ಡು ಓದಲು ಬರುವುದಿಲ್ಲ. ಹೇಗೂ ಒಯ್ದು ಚೆಲ್ಲುವ ಮಣ್ಣು ಎಂದು ಕೇಳಿದ್ದಳು, ಚೆಲ್ಲುವ ಮಣ್ಣಿಗೆ ಯಾರನ್ನು ಕೇಳಬೇಕು. ಕೊನೆಗೆ ಸಾಹೇಬರು ಕೇಳಿದರು:

"ಇದು ಮಾಳಗಿಗೆ ಚಲೋ ಮಣ್ಣು ಅಂತ ನಿಮಗ ಯಾರರ ಹೇಳಿದ್ರೇನ್ರಿ, ಅವ್ವಾರ?"

ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಸಿಟ್ಟಿನ ನೋಟ ಅಲ್ಲ, ಬೇಡುವ ನೋಟವೂ ಅಲ್ಲ. ನನ್ನ ಪೆನ್ನು ಕಾಗದದ ಮೇಲೆ ನಿಂತಿತ್ತು. ನನ್ನ ಬಡ್ತಿಯ ಕಾಗದ ಬೆಂಗಳೂರಿಗೆ ಹೋಗಿತ್ತು ಆ ತಿಂಗಳು. ಅದು ನೆನಪಿಗೆ ಬಂತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಹೇಳಿದರಾಯಿತು, ಸಾಹೇಬರಿಗೆ ಒಬ್ಬರಿಗೇ, ಜೀಪಿನಲ್ಲಿ ಹೇಳಿದರಾಯಿತು ಎಂದೂ ಅನಿಸಿತು. ನಾನು ಕಣ್ಣು ಕಾಗದಕ್ಕೆ ಇಳಿಸಿದೆ.

"ಯಾರೂ ಹೇಳಿಲ್ಲರಿ" ಎಂದಳು ದೊಡ್ಡವ್ವ. "ನನ್ನ ಕಣ್ಣಿಗೆ ಸವಳು ಕಂಡತು, ಹೊತಗೊಂಡೆ."

ನಾನು ಬರೆದುಕೊಂಡೆ. ಅವಳು ಹೆಬ್ಬೆಟ್ಟು ಒತ್ತಿದಳು. ಜೀಪಿನಲ್ಲಿ ಸಾಹೇಬರು ಬೇರೆ ಏನೋ ಮಾತಾಡಿದರು, ನಾನು ಹೂಂ ಎಂದೆ. ಸ್ಥಳೀಯರ ಅಜ್ಞಾನದಿಂದ ಎಂದು ಆರಂಭವಾಗುವ ವರದಿಯ ಆ ಪುಟವನ್ನು ಟೈಪು ಮಾಡಿಸಿ, ಕೆಳಗೆ ಸಹಿ ಮಾಡಿದವಳು ನಾನೇ.

ಮರುದಿನ ಕೆಲಸದವರು ಮಾಳಿಗೆ ಹೆರೆದರು. ನಾನು ನಿಂತು ಮಾಡಿಸಿದೆ. ಮುಖಕ್ಕೆ ಬಟ್ಟೆ, ಕೈಗೆ ಗವಸು, ಎಲ್ಲ ನಿಯಮದ ಪ್ರಕಾರ. ಹಳೆಯ ಮಣ್ಣಿಗೂ ವಿಷ ಇಳಿದಿರಬಹುದು ಎಂದು ಜಂತಿ ಕಾಣುವವರೆಗೆ ತೆಗೆಸಿದೆ. ಮನೆಯ ಮೇಲೆ ಒಂದು ತಾಡಪತ್ರಿ ಹೊದಿಸಿ, ಮಣ್ಣನ್ನು ಲಾರಿಗೆ ತುಂಬಿ ಕಳಿಸಿದೆವು. ನೆಲ ಸ್ವಚ್ಛ ಮಾಡಿದ ಲೆಕ್ಕದಲ್ಲಿ ಅದು ನನ್ನ ಅತಿ ಅಚ್ಚುಕಟ್ಟಾದ ಕೆಲಸ. ಹೊಸ ಮಣ್ಣು ಹಾಕಿಸಲು ಆ ಮಳೆಯಲ್ಲಿ ದೊಡ್ಡವ್ವನಿಗೆ ಮಣ್ಣೂ ಸಿಗಲಿಲ್ಲ, ಆಳೂ ಸಿಗಲಿಲ್ಲ. ಪತ್ರಿ ಗಾಳಿಗೆ ಹಾರಿತು, ಮತ್ತೆ ಕಟ್ಟಿದರು, ಮತ್ತೆ ಹಾರಿತು. ಮಗ್ಗದ ಕುಣಿಯಲ್ಲಿ ನೀರು ನಿಂತಿತು. ಮಗ್ಗಕ್ಕೆ ಉದ್ದಕ್ಕೆ ಹಾಕಿದ್ದ ಹಾಸುನೂಲು ನೆನೆದು ಎಳೆಗೆ ಎಳೆ ಅಂಟಿತು. ಮಗ್ಗದ ಕಟ್ಟಿಗೆ ಊದಿಕೊಂಡು ನೂಲು ಬಡಿಯುವ ಹಲಗೆ ಸರಿಯದಾಯಿತು. ಸೋರುವ ಮನೆಯಲ್ಲಿ ಬಾಣಂತನ ಹೇಗೆ ಮಾಡುವುದು ಎಂದು ಶಿರಹಟ್ಟಿಯವರು ಬಂದು ಸೊಸೆಯನ್ನು ಕರೆದುಕೊಂಡು ಹೋದರು. ಚೊಚ್ಚಲ ಹೆರಿಗೆ ತವರಲ್ಲಿ ಆಗಲಿಲ್ಲ. ಅದು ಎಂಥ ಮಾತು ಎಂದು ನಮ್ಮ ಕಡೆಯ ಹೆಂಗಸರಿಗೆ ನಾನು ಹೇಳಬೇಕಿಲ್ಲ.

ಇದನ್ನೆಲ್ಲ ನಾನು ಕಂಡದ್ದಲ್ಲ, ನನ್ನ ತಂಗಿಯ ಬಾಯಲ್ಲಿ ಕೇಳಿದ್ದು. ಆ ಮಳೆಗಾಲವೆಲ್ಲ ನಾನು ಆ ಓಣಿಗೆ ಹೋಗಲಿಲ್ಲ. ಬಡ್ತಿ ಬಂತು. ಲಕ್ಷ್ಮೇಶ್ವರದ ಕೆಲಸ ಇದೆ ಎಂದೆ, ಮುಂಡರಗಿಯ ಕೆಲಸ ಇದೆ ಎಂದೆ. ಶಿರಹಟ್ಟಿಗೆ ಮಾತ್ರ ಒಮ್ಮೆ ಹೋದೆ, ಕೂಸು ನೋಡಲು. ಹೆಣ್ಣು ಕೂಸು. ಚೆನ್ನಾಗಿದೆ ಎಂದರು, ಚೆನ್ನಾಗಿಯೇ ಕಂಡಿತು. ಎಲ್ಲರೂ ಮೂಗು ಯಾರದು ಕಣ್ಣು ಯಾರದು ಎಂದು ನೋಡುತ್ತಿದ್ದರೆ ನಾನು ಅದರ ಮುಷ್ಟಿ ಬಿಡಿಸಿ ಬೆರಳು ನೋಡಿದೆ. ಒಂದು ದಿನದ ಸಾರಿಗೆ ಬೆರಳಿನಲ್ಲಿ ಏನು ಕಾಣುತ್ತದೆ? ಏನೂ ಕಾಣುವುದಿಲ್ಲ ಎಂದು ಓದಿಯೇ ಪಾಸಾದವಳು. ಆದರೂ ನೋಡಿದೆ.

ಮುಂದಿನ ಬೇಸಿಗೆ ಬಂದಾಗ ತಡೆಯಲಾಗಲಿಲ್ಲ. ಹಿರೇವಡ್ಡಟ್ಟಿ ಕಡೆ ಒಬ್ಬರ ಹೊಲದಲ್ಲಿ ಹುಟ್ಟು ಸವಳು ಇದೆ ಎಂದು ಗೊತ್ತಿತ್ತು. ಬಣ್ಣ, ಕಾರ್ಖಾನೆ ಯಾವುದೂ ಹತ್ತಿರ ಸುಳಿಯದ ಜಾಗ. ಮಾದರಿ ತಂದು, ಬೇರೆ ಬೇರೆ ಆಳದ್ದು ತಂದು, ಎರಡು ಸಲ ಪರೀಕ್ಷೆ ಮಾಡಿಸಿದೆ. ಶುದ್ಧ ಮಣ್ಣು. ಒಂದು ಟ್ರ್ಯಾಕ್ಟರ್ ಹೇಳಿ ತುಂಬಿಸಿಕೊಂಡು, ಹಿಂದೆ ನಾನು ನನ್ನ ಸ್ಕೂಟರಿನಲ್ಲಿ ಬೆಟಗೇರಿಗೆ ಹೋದೆ. ಸಾಹೇಬರಿಗೆ ಹೇಳಿರಲಿಲ್ಲ, ಯಾರಿಗೂ ಹೇಳಿರಲಿಲ್ಲ. ಹೀಗೆ ಗುಟ್ಟಾಗಿ ಮಾಡಿ ಮುಗಿಸಿದರೆ ಎದೆಯ ಭಾರ ಇಳಿಯುತ್ತದೆ ಎಂದು ಲೆಕ್ಕ ಹಾಕಿದ್ದೆ.

ಮನೆಯ ಮೇಲೆ ಯಾರೋ ಕೊಟ್ಟ ಹಳೆಯ ತಗಡು ಕೂತಿತ್ತು. ಮಗ್ಗದ ಸದ್ದು ಇರಲಿಲ್ಲ. ದೊಡ್ಡವ್ವ ಕಟ್ಟೆಯ ಮೇಲೆ ಕೂತು ಬೇರೆಯವರ ನೂಲನ್ನು ಕಂಡಿಕೆಯ ಪುಟ್ಟ ಕೊಳವೆಗೆ ಸುತ್ತುತ್ತಿದ್ದಳು. ಬೆರಳ ಸಂದಿಯ ಕೆಂಪು ಹೋಗಿ ಕಪ್ಪು ಕಲೆ ಉಳಿದಿತ್ತು. "ಬರ್ರಿ ಮೇಡಂ" ಎಂದಳು. ಬೆಲ್ಲ ತಂದಿಟ್ಟಳು. ತಂಬಿಗೆ ತರಲಿಲ್ಲ, ಅಂಗಡಿಗೆ ಹೋಗಿ ಮುಚ್ಚಳ ಬಿಚ್ಚದ ನೀರಿನ ಬಾಟಲಿ ತಂದಿಟ್ಟಳು. ನಾನು ಟ್ರ್ಯಾಕ್ಟರಿನ ವಿಷಯ ಹೇಳಿದೆ. ಒಳ್ಳೆಯ ಸವಳು, ಪರೀಕ್ಷೆ ಮಾಡಿಸಿದ್ದೇನೆ, ಆಳನ್ನೂ ನಾನೇ ಹಚ್ಚುತ್ತೇನೆ ಎಂದೆ. ಅವಳು ಕೇಳಿಸಿಕೊಂಡಳು. ಎದ್ದು ಹೋಗಿ ಟ್ರ್ಯಾಕ್ಟರಿನಿಂದ ಒಂದು ಹಿಡಿ ಮಣ್ಣು ತಂದಳು. ಬಾಟಲಿಯ ಮುಚ್ಚಳ ತಾನೇ ಬಿಚ್ಚಿ, ನೀರು ಸುರಿದು, ಕಲಸಿ, ಪುಟ್ಟ ಬಟ್ಟಲು ಮಾಡಿದಳು. ನೀರು ತುಂಬಿ ಇಬ್ಬರ ನಡುವೆ ಇಟ್ಟಳು, ಅವತ್ತು ನಾನು ಇಟ್ಟ ಜಾಗದಲ್ಲೇ. ಮತ್ತೆ ನೂಲು ಸುತ್ತಲು ಕೂತಳು.

ನಾವು ಕಾದೆವು. ಓಣಿಯಲ್ಲಿ ಯಾರ ಮನೆಯದೋ ಮಗ್ಗ ಬಡಿಯುತ್ತಿತ್ತು. ಬಟ್ಟಲಿನ ನೀರು ಇಂಗಲಿಲ್ಲ.

"ಈಗ ಹೇಳ್ರಿ" ಎಂದಳು.

ಒಳ್ಳೆಯ ಮಣ್ಣು ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ದೊಡ್ಡವ್ವ, ಅವತ್ತು ಆ ಮಣ್ಣು ಚಲೋ ಐತಿ ಅಂತ ಹೇಳಿದಾಕಿ ನಾನ. ನನ್ನ ಮಾತು ಕೇಳಿ ನೀ ಹೊತ್ತಿ. ಸಾಹೇಬ್ರ ಮುಂದ ನಾ ಬಾಯಿ ಬಿಡಲಿಲ್ಲ" ಎಂದೆ. ಅವಳಿಗೆ ಆಶ್ಚರ್ಯವಾಗುತ್ತದೆ, ಬೈಯುತ್ತಾಳೆ, ಆಮೇಲೆ ಹೋಗಲಿ ಬಿಡು ಎನ್ನುತ್ತಾಳೆ ಎಂದು ಒಳಗೊಳಗೇ ಕಾಯುತ್ತಿದ್ದೆ.

ಅವಳು ನೂಲಿನಿಂದ ಕಣ್ಣು ತೆಗೆಯಲಿಲ್ಲ. "ಅದು ನನಗ ಗೊತ್ತಿರಲಿಲ್ಲೇನ್ರಿ? ಅವತ್ತ ನಾನೂ ಹೇಳಬಹುದಿತ್ತು. ಅಪ್ಪನಂಗ ಖರೇ ಬಣ್ಣದಾಕಿ ಇರಬೇಕು, ತಾನ ಹೇಳ್ತಾಳ ಅಂತ ನಿಮ್ಮ ಮಾರಿ ನೋಡಕೋತ ಕುಂತಿದ್ದೆ."

ಟ್ರ್ಯಾಕ್ಟರಿನವನು ಮಣ್ಣು ಎಲ್ಲಿ ಸುರಿಯಲಿ ಎಂದು ಎರಡು ಸಲ ಕೂಗಿ ಕೇಳಿದ. ದೊಡ್ಡವ್ವ ನೂಲು ಸುತ್ತುತ್ತಲೇ ಇದ್ದಳು. ಮರುದಿನ ನಾನು ಆಫೀಸಿಗೆ ಹೋಗಿ, ವರದಿಯ ಆ ಪುಟದಲ್ಲಿರುವ ಅಜ್ಞಾನ ನನ್ನದು ಎಂದು ಪತ್ರ ಬರೆದು ಕೊಟ್ಟೆ. ಆ ಕಡತ ಮುಗಿದಿದೆ, ಮತ್ತೆ ತೆರೆಯಲು ಬರುವುದಿಲ್ಲ ಎಂದು ಸಾಹೇಬರು ಪತ್ರವನ್ನು ನನಗೇ ಹಿಂದಕ್ಕೆ ಕೊಟ್ಟರು.